ಬೋರ್ಡಿನಿಂದ ಉದುರಿದ ‘ಇ’

ಇಂಗ್ಲಿಷಿನಲ್ಲಿ ಕೆಲವು ದನಿಗಳು ಎರಡೆರಡು ಸಂಸಾರ ಇಟ್ಟುಕೊಂಡಿರುತ್ತವೆ. ಬಾಯಲ್ಲಿ ಆಡಿದರೆ ಯಾವ ಮನೆಯದೆಂದು ತಿಳಿಯುವುದಿಲ್ಲ. ಬರೆದು ನೋಡಿದರೆ ಒಂದರ ಬಾಗಿಲಲ್ಲಿ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ನಮ್ಮ ಲಿಪಿ ಪಾಪದ್ದು, ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತದೆ. ಬಟ್ಟೆಗೆ ಬಣ್ಣ ಕಟ್ಟುವುದೂ ಡೈ, ಮನುಷ್ಯ ಸಾಯುವುದೂ ಡೈ. ಇಂಗ್ಲಿಷಿನಲ್ಲಿ ಹಾಗಲ್ಲ. ಬಣ್ಣದ ಡೈಯಿಂಗಿನ ನಡುವೆ ಒಂದು ‘ಇ’ ಇರುತ್ತದೆ, ಸಾವಿನ ಡೈಯಿಂಗಿನಲ್ಲಿ ಇರುವುದಿಲ್ಲ. ಆ ‘ಇ’ ಎಲ್ಲಿತ್ತು, ಹೇಗೆ ಉದುರಿತು, ಕೊನೆಗೆ ಯಾರ ಕೈ ಸೇರಿತು ಎಂಬುದಷ್ಟೇ ಈ ಕಥೆ.

ಗ್ರಾಮರಣ್ಣ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮೇಸ್ತ್ರಿ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಈ ಹೆಸರು ಬರಲು ಕಾರಣವಿತ್ತು. ಶಾಲೆಯಲ್ಲಿ ಇಂಗ್ಲಿಷ್ ಪರೀಕ್ಷೆಗೆ ಮೂರು ಸಲ ಡುಮ್ಕಿ ಹೊಡೆದು, ಒಂದೇ ಗ್ರಾಮರ್ ಪುಸ್ತಕವನ್ನು ನಾಲ್ಕು ವರ್ಷ ಓದಿದ್ದ. ಅಷ್ಟು ದೀರ್ಘಕಾಲ ಗ್ರಾಮರ್ ಓದಿದವರು ಸೆಕ್ಷನ್ನಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೊಣಕೈವರೆಗೆ ನೀಲಿ ಹತ್ತಿದ ಕೈ, ಜೇಬಿನಲ್ಲಿ ಎರಡು ಪೆನ್ನು. ಎಲ್ಲರ ರಜಾ ಅರ್ಜಿಯನ್ನೂ ಅವನೇ ಬರೆಯುತ್ತಿದ್ದ. ಜ್ವರಕ್ಕೆ ‘ಸಫರಿಂಗ್ ಫ್ರಮ್ ಫೀವರ್’ ಎಂದು ಬರೆದು ರಜೆ ಸಿಕ್ಕಿದ್ದರಿಂದ, ಮದುವೆಗೆ ‘ಸಫರಿಂಗ್ ಫ್ರಮ್ ಮ್ಯಾರೇಜ್’ ಎಂದು ಬರೆದ. ಅದಕ್ಕೂ ರಜೆ ಸಿಕ್ಕಿತು. ಆಫೀಸಿನಲ್ಲಿ ಯಾರಾದರೂ ಓದಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಕಂಪನಿಯವರು ಕೂಲಿಯವನ ಕಾಗದವನ್ನು ಓದುವುದು ಅದರಿಂದ ತಮಗೆ ಲಾಭವಿದ್ದಾಗ ಮಾತ್ರ.

“ನಿಮ್ಮ ಇಂಗ್ಲಿಷ್ ಕೇಳಿ ಕೇಳಿ ಬೆಕ್ಕೂ ಮನೆ ಬಿಟ್ಟು ಹೋಯ್ತು,” ಎನ್ನುತ್ತಿದ್ದಳು ಹೆಂಡತಿ.

ಅವಳ ತಂಗಿಯ ಗಂಡನೂ, ಅಂದರೆ ಗ್ರಾಮರಣ್ಣನ ಷಡ್ಡಕನೂ, ಅದೇ ಸೆಕ್ಷನ್ನಿನಲ್ಲಿ ಮೂರನೇ ಟ್ಯಾಂಕಿನ ಮೇಲಿದ್ದ. ಕುದಿಯುವ ಬಣ್ಣದ ಆ ಟ್ಯಾಂಕಿಗೆ ಕಬ್ಬಿಣದ ಮುಚ್ಚಳ. ಅದನ್ನು ಎತ್ತಿ ಹಿಡಿಯುವ ರಾಟೆಗೆ ಒಂದು ಬ್ರೇಕು. ಬ್ರೇಕು ಸವೆದು ಆರು ತಿಂಗಳಾಗಿತ್ತು. ಗ್ರಾಮರಣ್ಣ ಮೂರು ಸಲ ಹೇಳಿದ್ದ. ಸೂಪರ್‌ವೈಸರು ಮೂರು ಸಲವೂ ‘ನೋಡೋಣ’ ಎಂದಿದ್ದ. ನೋಡುವ ಕೆಲಸ ಕೊನೆಗೆ ಷಡ್ಡಕನ ಪಾಲಿಗೆ ಬಂತು. ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ಟ್ಯಾಂಕಿನೊಳಗೆ ಬಗ್ಗಿ ಬಣ್ಣ ನೋಡುತ್ತಿದ್ದಾಗ ಗ್ರಾಮರಣ್ಣನ ಕಣ್ಣೆದುರೇ ಮುಚ್ಚಳ ಜಾರಿ ಕೆಳಗೆ ಬಿತ್ತು. ಬಣ್ಣವೂ ಹಬೆಯೂ ಮುಖಕ್ಕೆ ಹಾರಿದವು. ಕಣ್ಣು ಹೋಯಿತು, ಎದೆಯೊಳಗೆ ಬಣ್ಣದ ರಸಾಯನದ ಹೊಗೆ ಹೊಕ್ಕಿತು.

ಊರ ಆಸ್ಪತ್ರೆಯ ಡಾಕ್ಟರು ಸುತ್ತುಬಳಸದೆ ಹೇಳಿದರು. “ಇಲ್ಲಿ ಉಸಿರಿನ ಮಿಷನ್ ಇಲ್ಲ. ದೊಡ್ಡಾಸ್ಪತ್ರೆಗೆ ಹೋದ್ರೆ ಉಳೀತಾನೆ. ಕೆಲಸದ ಮೇಲಿದ್ದಾಗ ಆದ ಅಪಘಾತ ಅಂತ ಕಂಪನಿಯಿಂದ ಒಂದು ಕಾಗದ ಬೇಕು, ಅದಿಲ್ದೆ ಅವರು ಒಳಗೆ ಸೇರಿಸ್ಕೊಳ್ಳಲ್ಲ. ಬೇಗ ತನ್ನಿ.”

ಕಾಗದ ಕೊಡಬೇಕಾದವನು ಕ್ಷೇಮಾಧಿಕಾರಿ. ಯಾರ ಕ್ಷೇಮ ಎಂದು ಅವನ ಬಾಗಿಲ ಮೇಲೆ ಬರೆದಿರಲಿಲ್ಲ. “ಕಣ್ಣಾರೆ ಕಂಡವರ ಹೇಳಿಕೆ ಬೇಕು, ಇಂಗ್ಲಿಷಿನಲ್ಲಿ,” ಎಂದ. ಕಾರ್ಖಾನೆಯಲ್ಲಿ ಎಲ್ಲ ಹೇಳಿಕೆಯೂ ಇಂಗ್ಲಿಷಿನಲ್ಲೇ ಇರತಕ್ಕದ್ದೆಂದು ಗೋಡೆಯ ಮೇಲೆ ನೋಟೀಸಿತ್ತು. ಆ ನೋಟೀಸೂ ಇಂಗ್ಲಿಷಿನಲ್ಲೇ ಇದ್ದುದರಿಂದ ಯಾರಿಗೂ ಗೊತ್ತಿರಲಿಲ್ಲ.

“ನಾನು ಬರೆದುಕೊಡ್ಲಾ ಅಣ್ಣ?” ಎಂದು ಟೈಪಿಸ್ಟ್ ಹುಡುಗಿ ಕೇಳಿದಳು.

“ನೀನು ಟೈಪ್ ಮಾಡಮ್ಮ. ಗ್ರಾಮರ್ ನನಗೆ ಬಿಡು,” ಎಂದ ಗ್ರಾಮರಣ್ಣ.

ಇಡೀ ಕಥೆಯಲ್ಲಿ ಅವನು ಮಾಡಿದ ಪಾಪ ಇದೊಂದೇ. ಉಳಿದವರ ಪಾಪಕ್ಕೆ ಹೋಲಿಸಿದರೆ ಇದು ತಕ್ಕಡಿಗೆ ಹಾಕುವಂಥದ್ದಲ್ಲ. ಆದರೂ ತಕ್ಕಡಿಗೆ ಬಿದ್ದದ್ದು ಇದೇ.

ಬೆಂಚಿನ ಮೇಲೆ ಕೂತು ಬರೆದ. ‘ಡೈಯಿಂಗ್’ ಎಂಬಲ್ಲಿ ಅನುಮಾನ ಬಂತು. ಜವಾಬ್ದಾರಿಯ ಮನುಷ್ಯನಾದ್ದರಿಂದ ಎದ್ದು ಕಿಟಕಿಯಾಚೆ ನೋಡಿದ. ಸೆಕ್ಷನ್ನಿನ ಬಾಗಿಲ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಕಂಪನಿಯ ಬೋರ್ಡೇ ಇತ್ತಲ್ಲ, ಡೈಯಿಂಗ್ ಸೆಕ್ಷನ್ ಎಂದು. ನೋಡಿಕೊಂಡು ಅಕ್ಷರ ಅಕ್ಷರ ಇಳಿಸಿದ. ಮೂರು ವರ್ಷದ ಹಿಂದೆ ಹಬೆಗೆ ಬಣ್ಣ ಸುಲಿದು ಆ ಬೋರ್ಡಿನಿಂದ ಒಂದು ‘ಇ’ ಉದುರಿತ್ತು. ದಿನಾ ಅದರ ಕೆಳಗೇ ನುಗ್ಗುವವರು ತಲೆ ಎತ್ತಿ ಬೋರ್ಡು ಓದುವುದುಂಟೇ.

ಹೇಳಿಕೆ ಮೂರೇ ವಾಕ್ಯ. “ಹೀ ವಾಸ್ ಡೈಯಿಂಗ್ ಫ್ರಮ್ ಮಾರ್ನಿಂಗ್. ಟ್ರಬಲ್ ಕೇಮ್ ಇನ್ ಬ್ರೇಕ್. ಹೀ ಲಾಸ್ಟ್ ಸೈಟ್.” ಬೆಳಿಗ್ಗೆಯಿಂದ ಬಣ್ಣ ಹಾಕುತ್ತಿದ್ದ, ಬ್ರೇಕು ಕೈಕೊಟ್ಟಿತು, ಕಣ್ಣು ಹೋಯಿತು. ಕಿವಿಯಲ್ಲಿ ಕೇಳಿದರೆ ಒಂದು ತಪ್ಪಿಲ್ಲ.

ಮರುದಿನ ಕ್ಷೇಮಾಧಿಕಾರಿ ಅವನನ್ನು ಕರೆಸಿ ಕುರ್ಚಿ ಕೊಟ್ಟ. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಕುರ್ಚಿ ಸಿಕ್ಕಿರಲಿಲ್ಲ. ಆಗಲೇ ಎಚ್ಚರವಾಗಬೇಕಿತ್ತು.

“ಬಹಳ ಪ್ರಾಮಾಣಿಕ ಹೇಳಿಕೆ ಮೇಸ್ತ್ರಿ. ಕಂಪನಿ ನಿಮಗೆ ಋಣಿ.”

“ಕಾಗದ ಯಾವಾಗ ಸಾರ್?”

“ಯಾವ ಕಾಗದ? ಅವನು ಬೆಳಿಗ್ಗೆಯಿಂದಾನೇ ಸಾಯ್ತಿದ್ದ ಅಂತ ನೀವೇ ಬರೆದಿದ್ದೀರಿ.”

“ಸಾಯ್ತಿರ್ಲಿಲ್ಲ ಸಾರ್. ಡೈಯಿಂಗ್ ಮಾಡ್ತಿದ್ದ.”

“ನಾನೂ ಅದನ್ನೇ ಹೇಳ್ತಿರೋದು.”

“ಸಾರ್, ಡೈಯಿಂಗ್ ಅಂದ್ರೆ ಡೈಯಿಂಗ್.”

“ಹೌದಲ್ಲ. ಸಾಯೋ ಹಾಗಿದ್ದವನು ಕೆಲಸಕ್ಕೆ ಬಂದಿದ್ದೇ ತಪ್ಪು. ಆಮೇಲೆ, ತೊಂದರೆ ಆಗಿದ್ದು ಬ್ರೇಕಿನಲ್ಲಿ ಅಂತ ಬರೆದಿದ್ದೀರಿ. ಅಂದ್ರೆ ಟೀ ಬಿಡುವಿನಲ್ಲಿ. ಬಿಡುವಿನಲ್ಲಿ ಆಗಿದ್ದು ಕೆಲಸದ ಮೇಲೆ ಆಗಿದ್ದು ಹೇಗಾಗುತ್ತೆ? ಕೊನೆಗೆ ಸೈಟು ಕಳ್ಕೊಂಡ ಅಂತಿದ್ದೀರಿ. ಸಂತಾಪ ಇದೆ. ಆದ್ರೆ ನೌಕರರ ಜಮೀನು ವ್ಯಾಜ್ಯಕ್ಕೆ ಕಂಪನಿ ತಲೆ ಹಾಕಲ್ಲ.”

ಯಂತ್ರದ ಬ್ರೇಕು ಬರೆಯುವಲ್ಲಿ ಟೀ ಕುಡಿಯುವ ಬ್ರೇಕು, ಕಣ್ಣಿನ ಸೈಟು ಬರೆಯುವಲ್ಲಿ ಮನೆ ಕಟ್ಟುವ ಸೈಟು. ಒಟ್ಟಿನಲ್ಲಿ, ಸಾಯುತ್ತಿದ್ದ ಒಬ್ಬ ಆಸ್ತಿವಂತ ಟೀ ಬಿಡುವಿನಲ್ಲಿ ಏನೋ ಎಡವಟ್ಟು ಮಾಡಿಕೊಂಡು ತನ್ನ ನಿವೇಶನ ಕಳೆದುಕೊಂಡಿದ್ದ. ಇದರಲ್ಲಿ ಕಾರ್ಖಾನೆಯ ಪಾತ್ರವೇ ಇರಲಿಲ್ಲ.

“ಬೋರ್ಡಲ್ಲೇ ಹಾಗಿದೆ ಸಾರ್. ನೋಡಿ ಬರೆದೆ,” ಎಂದು ಗ್ರಾಮರಣ್ಣ ಕಿಟಕಿಯತ್ತ ಕೈ ತೋರಿಸಿದ.

ಕ್ಷೇಮಾಧಿಕಾರಿ ಎದ್ದು ಬೋರ್ಡು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಫೋನ್ ಎತ್ತಿಕೊಂಡ. ಮರುದಿನ ಬೆಳಿಗ್ಗೆ ಬೋರ್ಡಿನ ಮೇಲೆ ಹೊಸ ‘ಇ’ ಬಂದು ಕೂತಿತ್ತು. ಉಳಿದ ಅಕ್ಷರಗಳೆಲ್ಲ ಮಾಸಿದ ನೀಲಿ, ಇದೊಂದು ಕೆಂಪು, ಮುದುಕನ ಬಾಯಲ್ಲಿ ಕಟ್ಟಿಸಿದ ಹಲ್ಲಿನ ಹಾಗೆ. ಬೋರ್ಡಿಗೆ ‘ಇ’ ಸಿಗಲು ಒಂದು ದಿನ ಸಾಕಾಯಿತು. ಮನುಷ್ಯನಿಗೆ ಎಷ್ಟು ದಿನವೆಂದು ಮುಂದೆ ತಿಳಿಯುತ್ತದೆ.

ಈ ನಡುವೆ ಕ್ಷೇಮಾಧಿಕಾರಿಯ ತೀರ್ಮಾನದ ಒಂದು ಪ್ರತಿ ಷಡ್ಡಕನ ಮನೆಗೂ ಹೋಯಿತು. ನಾದಿನಿಗೆ ಓದಲು ಬರದೆ ಎದುರುಮನೆ ಟೈಲರ್ ಹತ್ತಿರ ಒಯ್ದಳು. ಅಂಗಿಗಳ ಕಾಲರ್ ಚೀಟಿ ಓದಿ ಓದಿ ಅವನಿಗೆ ಇಂಗ್ಲಿಷ್ ಬರುತ್ತದೆಂದು ಬೀದಿಯಲ್ಲೆಲ್ಲ ನಂಬಿಕೆ. ಅವನು ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಗಂಭೀರವಾಗಿ ಓದಿದ.

“ನಿನ್ನ ಗಂಡಂದು ಒಂದು ಸೈಟ್ ಇತ್ತಂತೆ ಕಣಮ್ಮ. ಅದು ಹೋಯ್ತಂತೆ.”

“ಸೈಟಾ? ನಮಗಾ? ಮಳೆ ಬಂದ್ರೆ ಪಾತ್ರೆ ಇಡೋ ಮನೇಲಿ ಹತ್ತು ವರ್ಷದಿಂದ ಬಾಡಿಗೆಗಿದ್ದೀವಿ.”

“ಕಂಪನಿ ಸುಮ್ನೆ ಬರೆಯುತ್ತಾ? ಸೀಲು ಬೇರೆ ಇದೆ. ಗಂಡಸರು ಎಲ್ಲಾನೂ ಹೇಳಲ್ಲಮ್ಮ.”

ಸಂಜೆಯೊಳಗೆ ಸೈಟು ಎರಡಾಯಿತು. ಮರುದಿನ ಅವುಗಳ ನಡುವೆ ರಸ್ತೆಯೂ ಬಂತು. ಅಪಘಾತವಾದಾಗ ಆಸ್ಪತ್ರೆಯ ದಾರಿ ಗೊತ್ತಿಲ್ಲವೆಂದಿದ್ದ ಷಡ್ಡಕನ ದೊಡ್ಡಪ್ಪನ ಮಗ ಈಗ ಎರಡು ಬಾಳೆಹಣ್ಣು ಹಿಡಿದು ದಾರಿ ಕಂಡುಕೊಂಡು ಬಂದ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಗಂಟಲಲ್ಲಿ ಗೊರಗೊರ ಸದ್ದು ಮಾಡುತ್ತ ಮಲಗಿದ್ದವನ ಪಕ್ಕ ಸ್ಟೂಲು ಎಳೆದುಕೊಂಡ.

“ಏನೋ ತಮ್ಮ, ಒಂದೇ ರಕ್ತ ನಮ್ಮದು, ಒಂದು ಮಾತು ಹೇಳ್ಬಾರದಿತ್ತಾ? ಹೋದ್ರೆ ಹೋಗ್ಲಿ, ಕೇಸು ಹಾಕೋಣ. ಅಳತೆ ಎಷ್ಟು?”

ಷಡ್ಡಕ ಉಸಿರು ಕೂಡಿಸಿಕೊಂಡ. “ಆರಡಿ, ಮೂರಡಿ.”

“ಅಷ್ಟು ಚಿಕ್ಕದಾ? ಯಾವ ಕಡೆ ಮುಖ?”

“ಅದನ್ನ ನೀವೇ ನೋಡಿ ಮಲಗಿಸ್ಬಿಡಿ.”

ದೊಡ್ಡಪ್ಪನ ಮಗ ಬಾಳೆಹಣ್ಣನ್ನು ವಾಪಸು ತೆಗೆದುಕೊಂಡು ಹೋದ.

ಗ್ರಾಮರಣ್ಣನ ಮನೆಯಲ್ಲಿ ಒಲೆಗಿಂತ ಹೆಂಡತಿ ಹೆಚ್ಚು ಉರಿಯುತ್ತಿದ್ದಳು. “ನನ್ನ ತಂಗಿ ತಾಳಿ ನಿಮ್ಮ ಪೆನ್ನಿನ ತುದೀಲಿ ನೇತಾಡ್ತಿದೆ. ತಿದ್ದಿ ಬರೆದುಕೊಡಿ. ಯಾರನ್ನಾದ್ರೂ ಕೇಳಿ ಬರೀರಿ.”

ಕೇಳಿದರೆ ಮರ್ಯಾದೆ ಏನಾದೀತು? ಟೈಲರ್‌ನಿಂದ ಡಿಕ್ಷನರಿಯೊಂದನ್ನು ಕಡ ತಂದ. ಈ ಸಲ ಡೈಯಿಂಗಿಗೆ ‘ಇ’ ಹಾಕಿದ. ಬ್ರೇಕನ್ನು ಟೀ ಅಂಗಡಿಯಿಂದ ಎಬ್ಬಿಸಿ ರಾಟೆಗೆ ಕಟ್ಟಿದ. ಸೈಟನ್ನು ಕಣ್ಣಿಗೆ ಮರಳಿಸಿದ. ಮೂರೂ ಸರಿಯಾದ ಸಂತೋಷದಲ್ಲಿ ಧೈರ್ಯ ಬಂದು, ಸತ್ಯವೊಂದನ್ನು ಹೆಚ್ಚಿಗೆ ಸೇರಿಸಿದ: ಬ್ರೇಕಿನ ಸ್ಥಿತಿ ಆಡಳಿತಕ್ಕೆ ಮೊದಲೇ ಗೊತ್ತಿತ್ತು. “ಮ್ಯಾನೇಜ್‌ಮೆಂಟ್ ನ್ಯೂ ಬ್ರೇಕ್ ಕಂಡಿಷನ್.” ಗೊತ್ತಿತ್ತು ಎನ್ನುವ ‘ನ್ಯೂ’ವಿನ ಮುಂದೆ ಒಂದು ‘ಕೆ’ ಕೂತಿರುತ್ತದೆ, ಬಾಯಿ ಬಿಡದೆ. ಮಾತಾಡದ ಅಕ್ಷರಕ್ಕೆ ಮಸಿ ಯಾಕೆ ದಂಡ ಎಂದು ಗ್ರಾಮರಣ್ಣ ಅದನ್ನು ಬಿಟ್ಟಿದ್ದ. ಉಳಿದದ್ದು ಹೊಸದು ಎನ್ನುವ ನ್ಯೂ.

ಕ್ಷೇಮಾಧಿಕಾರಿಗೆ ಮೊದಲಿಗಿಂತಲೂ ಸಂತೋಷವಾಯಿತು.

“ಬ್ರೇಕು ಹೊಸದು ಅಂತ ಬರೆದುಕೊಟ್ಟಿದ್ದೀರಿ. ಇದು ನಮಗೆ ಬೇಕಿತ್ತು.”

“ಹೊಸದಲ್ಲ ಸಾರ್, ನ್ಯೂ. ನಿಮಗೆಲ್ಲ ನ್ಯೂ ಅಂತ.”

“ನಮಗೆ ಹೊಸದೇ, ಸರಿ. ಈಗ ಒಂದು ತೊಂದರೆ ಇದೆ ಮೇಸ್ತ್ರಿ. ಮೊದಲನೇ ಹೇಳಿಕೇಲಿ ಅವನು ಸಾಯ್ತಿದ್ದ. ಎರಡನೇದರಲ್ಲಿ ಬಣ್ಣ ಹಾಕ್ತಿದ್ದ. ಒಂದೇ ಮನುಷ್ಯ ಎರಡೂ ಮಾಡಕ್ಕಾಗುತ್ತಾ?”

“ನಮ್ಮ ಸೆಕ್ಷನ್ನಲ್ಲಿ ಎಲ್ಲರೂ ಎರಡೂ ಮಾಡೋದು ಸಾರ್.”

ಇದು ಗ್ರಾಮರಣ್ಣ ಆ ಕೋಣೆಯಲ್ಲಿ ಆಡಿದ ಅತ್ಯಂತ ಸರಿಯಾದ ವಾಕ್ಯ. ಇಂಗ್ಲಿಷಿನಲ್ಲಿ ಇಲ್ಲದ್ದರಿಂದ ದಾಖಲಾಗಲಿಲ್ಲ.

ದಾಖಲಾದದ್ದು ಬೇರೆ. ಸಾಕ್ಷಿಗೆ ಒಂದೇ ದನಿಯ ಪದಗಳಲ್ಲಿ ವ್ಯತ್ಯಾಸ ತಿಳಿಯದು. ಆದಕಾರಣ ಅವನಿಗೆ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಪಾಸಾದ ಬಳಿಕವೇ ಮೂರನೇ ಹೇಳಿಕೆ ಪಡೆಯತಕ್ಕದ್ದು. ಅಲ್ಲಿಯವರೆಗೆ ಕಡತ ಬಾಕಿ. ಕಾರ್ಮಿಕರ ಕಲ್ಯಾಣದ ಪಟ್ಟಿಯಲ್ಲಿ ತೋರಿಸಲು ಅನುಕೂಲವಾಗಲೆಂದು ಡೈಯಿಂಗ್ ಸೆಕ್ಷನ್ನಿನ ಇಪ್ಪತ್ತು ಜನರನ್ನೂ ಕ್ಲಾಸಿಗೆ ಸೇರಿಸಿದರು. ಎಂಟು ದಿನ, ಬೆಳಿಗ್ಗೆ ಪಾಳಿಗೆ ಮೊದಲು, ಕ್ಯಾಂಟೀನಿನಲ್ಲಿ.

“ನಿನ್ನ ದೆಸೆಯಿಂದ ಈ ವಯಸ್ಸಲ್ಲಿ ನಮಗೂ ಮಗ್ಗಿ ಬಂತಲ್ಲಪ್ಪ,” ಎಂದರು ಜೊತೆಯವರು. ಆದರೂ ಬಂದು ಕೂತರು. ಹಸಿರು, ಕೆಂಪು, ನೀಲಿ ಕೈಗಳಲ್ಲಿ ಪೆನ್ಸಿಲ್ಲು.

ಪಾಠ ಹೇಳಲು ಬಂದ ಟೀಚರಮ್ಮ ಮೂವತ್ತು ಗಂಟೆಯಲ್ಲಿ ಇಂಗ್ಲಿಷ್ ಕಲಿಸುವ ಸಂಸ್ಥೆಯವಳು. ಯಾಕೆ ಕಲಿಸುತ್ತಿದ್ದೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. “ಸನ್ ಅಂದರೆ ಸೂರ್ಯ, ಸನ್ ಅಂದರೆ ಮಗ. ವಾಕ್ಯದಲ್ಲಿ ಬಳಸಿ,” ಎಂದಳು.

ಐದನೇ ಟ್ಯಾಂಕಿನವನು ಎದ್ದು ನಿಂತ. “ಮೇಡಂ, ನಾನು ಪಾಳಿಗೆ ಬರೋವಾಗ ಎರಡೂ ಎದ್ದಿರಲ್ಲ, ಹೋಗೋವಾಗ ಎರಡೂ ಮಲಗಿರ್ತವೆ. ನನ್ನ ವಾಕ್ಯದಲ್ಲಿ ಎರಡಕ್ಕೂ ಕೆಲಸ ಇಲ್ಲ.”

ಕ್ಲಾಸು ನಕ್ಕಿತು. ಟೀಚರಮ್ಮ ನಗಲಿಲ್ಲ, ಬೋರ್ಡಿನ ಮೇಲೆ ಬರೆದದ್ದನ್ನು ಒರೆಸಿ ಬೇರೆ ಪದ ಬರೆದಳು.

ಕ್ಲಾಸು ಮುಗಿಸಿ, ಪಾಳಿ ಮುಗಿಸಿ, ಗ್ರಾಮರಣ್ಣ ದಿನಾ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಪಾಠ ಒಪ್ಪಿಸುತ್ತಿದ್ದ. ನಾದಿನಿ ಬೀಸಣಿಗೆ ಬೀಸುತ್ತ ಕೂತಿರುತ್ತಿದ್ದಳು. ಷಡ್ಡಕನ ಉಸಿರಿಗೆ ಈಗ ಸಿಳ್ಳೆ ಸೇರಿತ್ತು.

“ವೀಕ್ ಅಂದ್ರೆ ವಾರ, ವೀಕ್ ಅಂದ್ರೆ ನಿತ್ರಾಣ,” ಎಂದು ಗ್ರಾಮರಣ್ಣ ಹೇಳಿದರೆ,

“ಎರಡನೇ ವೀಕು ನಡೀತಿದೆ,” ಎಂದ ಷಡ್ಡಕ. “ಅಣ್ಣ, ಇಡೀ ಭಾಷೇಲಿ ಇಪ್ಪತ್ತಾರು ಅಕ್ಷರ ಇದೆಯಂತೆ. ನನಗೆ ಒಂದು ಕೊಡಕ್ಕೆ ಇಷ್ಟು ಕಷ್ಟನಾ ಅವರಿಗೆ?”

“ಗುರುವಾರ ಪರೀಕ್ಷೆ. ಶುಕ್ರವಾರ ಕಾಗದ ತರ್ತೀನಿ.”

“ನಾಲ್ಕು ವರ್ಷ ಮಾಡ್ಬೇಡ, ಈ ಸಲ ಒಂದೇ ಏಟಿಗೆ ಪಾಸಾಗು.” ಅಷ್ಟು ಹೇಳುವಷ್ಟರಲ್ಲಿ ಅವನ ತುಟಿ ಗ್ರಾಮರಣ್ಣನ ಕೈಯ ಬಣ್ಣಕ್ಕೆ ತಿರುಗಿತ್ತು. ನಾದಿನಿ ಬೀಸಣಿಗೆಯನ್ನು ಜೋರು ಮಾಡಿದಳು.

ಗುರುವಾರದ ಪ್ರಶ್ನೆಪತ್ರಿಕೆಯಲ್ಲಿ ಐದು ಜೋಡಿ, ಹತ್ತು ಅಂಕ. ಕೆಳಗಿನ ಪದಗಳನ್ನು ವಾಕ್ಯದಲ್ಲಿ ಸರಿಯಾಗಿ ಬಳಸಿರಿ. ಗ್ರಾಮರಣ್ಣ ಯಾವ ಬೋರ್ಡನ್ನೂ ನೋಡದೆ ಬರೆದ.

“ದೇ ಡಿಡ್ ನಾಟ್ ರಿಪೇರ್ ದಿ ಬ್ರೇಕ್, ಸೋ ದಿ ಮ್ಯಾನ್ ಡಿಡ್ ಬ್ರೇಕ್.”

“ಅಟ್ ವರ್ಕ್ ಸೈಟ್ ಹೀ ಲಾಸ್ಟ್ ಸೈಟ್.”

“ಸೂಪರ್‌ವೈಸರ್ ನ್ಯೂ ದಿ ಬ್ರೇಕ್ ವಾಸ್ ನಾಟ್ ನ್ಯೂ, ಬಟ್ ಹೀ ಈಸ್ ಸೈಲೆಂಟ್ ಲೈಕ್ ಕೆ.”

“ಫಸ್ಟ್ ವೀಕ್ ಹೀ ವಾಸ್ ವೀಕ್, ಸೆಕೆಂಡ್ ವೀಕ್ ಮೋರ್ ವೀಕ್.”

“ಹೀ ವಾಸ್ ಡೈಯಿಂಗ್ ಕ್ಲಾತ್. ನೌ ಹೀ ಈಸ್ ಡೈಯಿಂಗ್. ಪ್ಲೀಸ್ ಗಿವ್ ಲೆಟರ್.”

ನಮ್ಮ ಲಿಪಿಯಲ್ಲಿ ಇಳಿಸಿದ್ದರಿಂದ ಎರಡೂ ಒಂದೇ ಥರ ಕಾಣುತ್ತವೆ. ಆ ಕಾಗದದಲ್ಲಿ ಪ್ರತಿ ಅಕ್ಷರವೂ ತನ್ನ ತನ್ನ ಮನೆಯಲ್ಲೇ ಇತ್ತು. ‘ಕೆ’ಯೂ ಇತ್ತು, ಬಾಯಿ ಮುಚ್ಚಿಕೊಂಡು.

ಟೀಚರಮ್ಮ ಓದಿದಳು. ಇನ್ನೊಮ್ಮೆ ಓದಿದಳು. ಹತ್ತಕ್ಕೆ ಹತ್ತು ಹಾಕಿ, ಕಾಗದ ಹಿಡಿದು ನೇರ ಕ್ಷೇಮಾಧಿಕಾರಿಯ ಕೋಣೆಗೆ ನಡೆದಳು. ಹಿಂದೆ ಗ್ರಾಮರಣ್ಣ.

“ಇದು ಪರೀಕ್ಷೆ ಅಲ್ಲ ಸಾರ್, ಸಾಕ್ಷಿ,” ಎಂದಳು.

ಕ್ಷೇಮಾಧಿಕಾರಿ ಕನ್ನಡಕ ಏರಿಸಿ ಓದಿ ತಲೆದೂಗಿದ. “ಗ್ರಾಮರ್ ಸುಧಾರಿಸಿದೆ. ಆದ್ರೆ ಇದು ಉತ್ತರಪತ್ರಿಕೆ ಮೇಡಂ. ಉತ್ತರಪತ್ರಿಕೆಯ ವಾಕ್ಯಗಳೆಲ್ಲ ಉದಾಹರಣೆಗಳು. ಉದಾಹರಣೆಗೆ ಕಂಪನಿ ಜವಾಬ್ದಾರಿ ಅಲ್ಲ. ಮೇಸ್ತ್ರಿ ಇದನ್ನೇ ಹೇಳಿಕೆ ನಮೂನೆಯಲ್ಲಿ ಬರೆದುಕೊಡ್ಲಿ. ಸೋಮವಾರ ಕಮಿಟಿ ಕೂರುತ್ತೆ.”

“ಸೋಮವಾರದವರೆಗೆ ಅವನಿರಲ್ಲ ಸಾರ್,” ಎಂದ ಗ್ರಾಮರಣ್ಣ.

“ಹಾಗೆಲ್ಲ ಮುಂಚೆನೇ ಬರೆದಿಡೋ ಅಭ್ಯಾಸ ನಿಮಗೆ ಒಳ್ಳೇದಲ್ಲ ಮೇಸ್ತ್ರಿ.”

ಮೂರನೇ ಹೇಳಿಕೆಯನ್ನು ಅಲ್ಲೇ ನಿಂತು ಬರೆದುಕೊಟ್ಟ. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಷಡ್ಡಕ ತೀರಿಕೊಂಡ. ಟೈಲರ್ ಬಿಳಿ ಬಟ್ಟೆಗೆ ಅಳತೆ ತೆಗೆಯುತ್ತ, “ಆ ಸೈಟಿಂದು ಏನಾದ್ರೂ ಹೇಳಿದ್ನಾ?” ಎಂದು ಗ್ರಾಮರಣ್ಣನ ಹೆಂಡತಿಯನ್ನು ಮೆಲ್ಲಗೆ ಕೇಳಿದ. ಅವಳು ಟೇಪನ್ನು ಅವನ ಕೈಯಿಂದ ಕಿತ್ತುಕೊಂಡು ಉಳಿದ ಅಳತೆಯನ್ನು ತಾನೇ ತೆಗೆದಳು.

ಸೋಮವಾರ ಮಧ್ಯಾಹ್ನ ಕಮಿಟಿ ಮುಗಿಯಿತು. ಕ್ಷೇಮಾಧಿಕಾರಿ ಗ್ರಾಮರಣ್ಣನಿಗೆ ಮತ್ತೆ ಕುರ್ಚಿ ಕೊಟ್ಟ. ಅವನು ಕೂರಲಿಲ್ಲ.

“ಕಮಿಟಿ ನಿಮ್ಮ ಮೂರೂ ಹೇಳಿಕೆ ನೋಡಿತು ಮೇಸ್ತ್ರಿ. ಮೊದಲನೇದನ್ನೇ ಒಪ್ಪಿದೆ. ಅವನು ಸಾಯ್ತಿದ್ದ ಅಂತ ನೀವು ಅವತ್ತೇ ಬರೆದಿದ್ರಿ. ಈಗ ನೋಡಿ, ಸರಿಯಾಗೇ ಇತ್ತು. ಸುಮ್ನೆ ಅನುಮಾನ ಪಟ್ಟು ತಿದ್ದಕ್ಕೆ ಹೋದ್ರಿ.” ಆಮೇಲೆ ಮೇಜಿನ ಮೇಲಿಂದ ಒಂದು ದಪ್ಪ ಕಾಗದ ಎತ್ತಿ ಕೊಟ್ಟ. “ಇದು ನಿಮ್ಮ ಸರ್ಟಿಫಿಕೇಟು. ಒಂದೇ ದನಿಯ ಪದಗಳ ಸರಿಯಾದ ಬಳಕೆ, ಪ್ರಥಮ ಸ್ಥಾನ.”

ಗ್ರಾಮರಣ್ಣ ಅದನ್ನು ಓದಿದ. ಒಂದೂ ಸ್ಪೆಲಿಂಗ್ ತಪ್ಪಿರಲಿಲ್ಲ. ಮಡಚಿ ಜೇಬಿನಲ್ಲಿಟ್ಟು ಅಂಗಳಕ್ಕೆ ಬಂದ. ಟ್ಯಾಂಕಿನ ಅಂಚಿಗೆ ಹತ್ತಿದ ಒಣಬಣ್ಣವನ್ನು ಕೆರೆಯುವ ಕಬ್ಬಿಣದ ಪಟ್ಟಿಯೊಂದನ್ನು ತೆಗೆದುಕೊಂಡ. ಏಣಿಯನ್ನು ಸೆಕ್ಷನ್ನಿನ ಬಾಗಿಲಿಗೆ ಆನಿಸಿ ಹತ್ತಿದ. ಐದನೇ ಟ್ಯಾಂಕಿನವನು ಏನೂ ಕೇಳದೆ ಬಂದು ಏಣಿ ಹಿಡಿದುಕೊಂಡ.

ಆ ಹೊತ್ತಿಗೆ ನಾದಿನಿ ಗಂಡನ ಊಟದ ಡಬ್ಬಿ, ಚಪ್ಪಲಿ ಒಯ್ಯಲು ಬಂದವಳು ಗೇಟಿನಲ್ಲಿ ನಿಂತಿದ್ದಳು. “ಭಾವ, ಅಲ್ಲೇನು ಮಾಡ್ತಿದ್ದೀರಿ?” ಎಂದಳು. ಕೆರೆಯುವ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಸದ್ದಿಗೆ ಕ್ಷೇಮಾಧಿಕಾರಿಯೂ ಕಿಟಕಿಗೆ ಬಂದ.

“ಏನ್ರೀ ಅದು ಮೇಸ್ತ್ರಿ? ಕಂಪನಿ ಆಸ್ತಿ ಅದು.”

“ಸ್ಪೆಲಿಂಗ್ ತಿದ್ತಿದ್ದೀನಿ ಸಾರ್. ಸರ್ಟಿಫಿಕೇಟ್ ಇದೆ.”

ಹೊಸ ‘ಇ’ಯ ಕೆಂಪು ಬಣ್ಣ ಚೂರು ಚೂರಾಗಿ ಉದುರಿತು. ಪೂರ್ತಿ ಹೋದ ಮೇಲೆ ಗ್ರಾಮರಣ್ಣ ಕೆಳಗಿಳಿದು ಸರ್ಟಿಫಿಕೇಟನ್ನು ನೆಲದ ಮೇಲೆ ಹಾಸಿದ. ಉದುರಿದ ಚೂರುಗಳನ್ನು ಕೈಯಿಂದ ಗೋರಿ ಅದರೊಳಗೆ ಹಾಕಿ, ಕಡಲೆಪೊಟ್ಟಣದ ಹಾಗೆ ಕಟ್ಟಿ, ಗೇಟಿಗೆ ಹೋಗಿ ನಾದಿನಿಯ ಕೈಗಿಟ್ಟ.

“ಇದೇನು ಭಾವ?”

“ಅವನಿಗೆ ಬರ್ಬೇಕಾಗಿದ್ದ ಅಕ್ಷರ ಕಣಮ್ಮ.”

ಅವಳು ಅದನ್ನು ಊಟದ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು. ಅದು ಭದ್ರವಾಗಿ ಕೂತಿತು.

ಎರಡು ಗಂಟೆಗೆ ಸೈರನ್ ಕೂಗಿತು. ಊಟದ ಬಿಡುವು ಮುಗಿಸಿದ ಸೆಕ್ಷನ್ನಿನವರು ಬಾಗಿಲವರೆಗೆ ಬಂದು, ಏಣಿ ಕಂಡು, ತಲೆ ಎತ್ತಿದರು. ಮೊದಲಾಗಿದ್ದರೆ ಏಣಿಯ ಪಕ್ಕದಿಂದ ನುಗ್ಗಿ ಒಳಗೆ ಹೋಗುತ್ತಿದ್ದರು. ಆದರೆ ಎಂಟು ದಿನ ಕ್ಯಾಂಟೀನಿನಲ್ಲಿ ಕೂರಿಸಿ ಕಂಪನಿಯೇ ಅವರಿಗೆ ಓದಲು ಕಲಿಸಿತ್ತು. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಬೋರ್ಡು ಓದಿದರು. ಒಬ್ಬರಾದ ಮೇಲೆ ಒಬ್ಬರು ಅಂಗಳದಲ್ಲೇ ಕೂತರು.

ಸೈರನ್ ಎರಡನೇ ಸಲ ಕೂಗಿತು. ಒಳಗೆ ಯಾರೂ ಹೋಗಲಿಲ್ಲ.